ಪಟ್ಟಿಯಲ್ಲಿ ನನ್ನ ಹೆಸರು

ಆಫ್ರಿಕಾಗೆ ವಾಲಂಟಿಯರ್ ಆಗಿ ಹೋಗಬೇಕು ಅಂದುಕೊಂಡವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಮಲೇರಿಯಾ ಇದೆಯಾ, ನೀರು ಹೇಗೆ, ಊಟಕ್ಕೆ ಏನು ಸಿಗುತ್ತದೆ, ಹೆಣ್ಣುಮಕ್ಕಳು ಒಬ್ಬರೇ ಓಡಾಡಬಹುದಾ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಅಲ್ಲಿ ಸ್ನೇಹ ಹೇಗೆ ಬೆಳೆಯುತ್ತದೆ ಅಂತ ಕೇಳುವವರು ಕಡಿಮೆ. ಕೇಳಿದವರಿಗೆ ನಾನು ದುಡ್ಡಿನ ವಿಷಯದಿಂದ ಶುರು ಮಾಡುತ್ತೇನೆ. ಸ್ನೇಹದ ಮಾತಿನಲ್ಲಿ ದುಡ್ಡು ಯಾಕೆ ಬಂತು ಅಂತ ಅವರಿಗೆ ಕಸಿವಿಸಿಯಾಗುತ್ತದೆ. ಫೋನಿನಲ್ಲಿ ಅದನ್ನೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿದ್ದದ್ದು ತಾಂಜಾನಿಯಾದ ಇರಿಂಗಾದಲ್ಲಿ. ದಾರ್ ಎಸ್ ಸಲಾಮಿನಿಂದ ಸುಮಾರು 500 ಕಿಲೋಮೀಟರ್. ಬೆಳಗಿನ ಜಾವ ಬಸ್ಸು ಹತ್ತಿದರೆ ಇಳಿಯುವಾಗ ಸಂಜೆ. ಹೆದ್ದಾರಿ ಮಿಕುಮಿ ರಾಷ್ಟ್ರೀಯ ಉದ್ಯಾನದ ಒಳಗಿಂದಲೇ ಹೋಗುತ್ತದೆ. ಕಿಟಕಿಯಲ್ಲಿ ಜಿರಾಫೆ, ಜೀಬ್ರಾ ಕಾಣುತ್ತವೆ. ಪಕ್ಕದಲ್ಲಿ ಕೂತವರು ತಲೆ ಎತ್ತಿಯೂ ನೋಡುವುದಿಲ್ಲ. ಆಮೇಲೆ ಬಾವೊಬಾಬ್ ಮರಗಳ ಕಣಿವೆ, ಅದು ಮುಗಿದರೆ ಕಿಟೊಂಗಾ ಘಾಟಿ. ಲಾರಿಗಳ ಹಿಂದೆ ಲಾರಿ ನಿಧಾನಕ್ಕೆ ಹತ್ತುವ ಆ ಘಾಟಿ ದಾಟಿದ ಮೇಲೆ ಗಾಳಿಯೇ ಬದಲಾಗುತ್ತದೆ. ಇರಿಂಗಾ ಇರುವುದು 1,500 ಮೀಟರಿಗೂ ಜಾಸ್ತಿ ಎತ್ತರದಲ್ಲಿ. ಜೂನ್, ಜುಲೈನಲ್ಲಿ ಸ್ವೆಟರ್ ಇಲ್ಲದೆ ಬೆಳಗ್ಗೆ ಹೊರಗೆ ಕಾಲಿಡಲು ಆಗುವುದಿಲ್ಲ. ಅಮ್ಮ ತುಂಬಿಕೊಟ್ಟ ತೆಳು ಕಾಟನ್ ಬಟ್ಟೆಗಳ ಮೇಲೆ ಅಲ್ಲಿನ ಸಂತೆಯಲ್ಲಿ ಕೊಂಡ ಹಳೇ ಸ್ವೆಟರ್ ಹಾಕಿಕೊಂಡೇ ಮೊದಲ ಚಳಿಗಾಲ ಕಳೆದೆ.

ಊರಿನಿಂದ ಸ್ವಲ್ಪ ಹೊರಗಿದ್ದ ಸರ್ಕಾರಿ ಸೆಕೆಂಡರಿ ಶಾಲೆಯಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ಸ್ಥಳೀಯ ಟೀಚರ ಸಂಬಳಕ್ಕೆ ಹತ್ತಿರದ ಭತ್ಯೆ, ಇರಲು ಮನೆ. 2016ರಿಂದ ಅಲ್ಲಿ ಸರ್ಕಾರಿ ಶಾಲೆಗಳಲ್ಲಿ ಫಾರ್ಮ್ ಫೋರ್‌ವರೆಗೆ, ಅಂದರೆ ಸೆಕೆಂಡರಿಯ ನಾಲ್ಕನೇ ವರ್ಷದವರೆಗೆ, ಫೀ ಇಲ್ಲ. ನಮ್ಮ ಶಾಲೆಗೆ ಮಕ್ಕಳು ಜಾಸ್ತಿ ಬಂದಿದ್ದರು, ಬೆಂಚು ಜಾಸ್ತಿ ಬಂದಿರಲಿಲ್ಲ. ಪ್ರೈಮರಿಯಲ್ಲಿ ಏಳು ವರ್ಷ ಸ್ವಾಹಿಲಿಯಲ್ಲಿ ಕಲಿತ ಮಕ್ಕಳಿಗೆ ಫಾರ್ಮ್ ಒನ್‌ನಲ್ಲಿ ಎಲ್ಲ ಪಾಠ ದಿಢೀರಂತ ಇಂಗ್ಲಿಷಿನಲ್ಲಿ. ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿ ಸೈನ್ಸ್‌ಗೆ ಸೇರಿದವರು ಆ ಮಕ್ಕಳ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ. ನಾನು ಚನ್ನರಾಯಪಟ್ಟಣದ ಕಡೆಯವಳು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಕ್ಲಾಸಿನ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ. ಇವತ್ತು ಸ್ಟಾಫ್‌ರೂಮಿನ ಮಾತು, ಅಕ್ಕಪಕ್ಕದ ಮನೆಯ ಮಾತು.

ನನ್ನ ಮನೆಗೆ ಗೋಡೆ ಹಂಚಿಕೊಂಡಿದ್ದದ್ದು ಬಯಾಲಜಿ ಟೀಚರ ಮನೆ. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಅಲ್ಲಿ ತಾಯಂದಿರನ್ನು ಹೆಸರು ಹಿಡಿದು ಕರೆಯುವುದೇ ಕಡಿಮೆ. ಮೊದಲ ಮಗುವಿನ ಹೆಸರು ಹೇಳಿ ಇಂಥವರ ಅಮ್ಮ ಅಂತಾರೆ. ನನ್ನನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು, ನಮ್ಮ ಶಾಲೆಗಳ ಹಾಗೇ. ನಾನು ಬಂದ ದಿನ ಸಂಜೆ ಅವರು ಬಾಗಿಲ ಹೊರಗೆ ನಿಂತು ‘ಹೋದಿ’ ಅಂದರು. ಒಳಗಿನವರು ‘ಕರಿಬು’ ಅಂದ ಮೇಲೇ ಹೊಸ್ತಿಲು ದಾಟುವುದು ಅಲ್ಲಿನ ಪದ್ಧತಿ. ಒಳಗೆ ಬಂದು ಮನೆಯೆಲ್ಲ ನೋಡಿದರು. ರಾತ್ರಿ ಒಬ್ಬರೇ ಮಲಗುತ್ತೀರಾ ಅಂತ ಕೇಳಿದರು. ಹೌದು ಅಂದೆ. ಅವರ ಮುಖ ಚಿಕ್ಕದಾಯಿತು. ರಾತ್ರಿ ಎಂಟಕ್ಕೆ ಅವರ ದೊಡ್ಡ ಮಗಳು ಚಾಪೆ, ಹೊದಿಕೆ, ಹೋಮ್‌ವರ್ಕ್ ಪುಸ್ತಕ ಹಿಡಿದುಕೊಂಡು ಬಂದಳು. ನನಗೆ ಭಯವಿಲ್ಲ ಅಂತ ಮಾರನೇ ದಿನ ಹೇಳಿ ನೋಡಿದೆ. ಭಯದ ಮಾತಲ್ಲ ಇದು, ಒಬ್ಬರನ್ನೇ ಬಿಡುವುದು ಸರಿಯಲ್ಲ ಅಷ್ಟೇ ಅಂದರು. ಆ ಹುಡುಗಿ ವಾರಗಟ್ಟಲೆ ನಮ್ಮ ಮನೆಯಲ್ಲೇ ಮಲಗಿದಳು. ನನ್ನ ಸ್ವಾಹಿಲಿಯಲ್ಲಿ ಅರ್ಧ ಅವಳು ಕಲಿಸಿದ್ದು.

ಇದ್ದಿಲ ಒಲೆ ಹೊತ್ತಿಸುವುದನ್ನು ಕಲಿಸಿದವರು ಅವಳ ಅಮ್ಮ, ಬಯಾಲಜಿ ಟೀಚರು. ಅಂಗಳದಲ್ಲಿ ನಮ್ಮಿಬ್ಬರ ಒಲೆ ಅಕ್ಕಪಕ್ಕ ಇರುತ್ತಿತ್ತು. ಹೊಗೆ ಪೂರ್ತಿ ಹೋಗುವವರೆಗೂ ಒಲೆಯನ್ನು ಒಳಗೆ ತರಬಾರದು. ಕೆಂಪು ಬೀನ್ಸ್ ಕಾಳು ಬೇಯಲು ಹೇಗೂ ಗಂಟೆಗಟ್ಟಲೆ ಹಿಡಿಯುತ್ತದೆ. ನಮ್ಮ ಮಾತೆಲ್ಲ ಆ ಹೊತ್ತಿನಲ್ಲೇ ಆದದ್ದು. ಯಾರಿಗೆ ವರ್ಗವಾಯಿತು, ಯಾರ ಜೋಳ ಹುಳ ತಿಂದಿತು, ನಿಮ್ಮೂರಲ್ಲಿ ಗಂಡನ ಮನೆಗೆ ವರದಕ್ಷಿಣೆ ಹೆಣ್ಣಿನ ಕಡೆಯವರೇ ಕೊಡಬೇಕಂತೆ ನಿಜವಾ, ಯಾಕೆ ಹಾಗೆ. ಆ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುತ್ತಾರೆ.

ಇರಿಂಗಾ ಮಾರುಕಟ್ಟೆಯಲ್ಲಿ ರಾಗಿ ಸಿಗುತ್ತದೆ. ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಸೀಮೆಯದು. ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದದ್ದು. ಅವರು ಅದರಲ್ಲಿ ಮಕ್ಕಳಿಗೆ ಗಂಜಿ ಕಾಯಿಸುತ್ತಾರೆ, ಮೊಳಕೆ ಬರಿಸಿ ಹೆಂಡ ಮಾಡುತ್ತಾರೆ. ನಾನು ಮುದ್ದೆ ತೊಳಸಲು ನಿಂತ ದಿನ ಬಯಾಲಜಿ ಟೀಚರು ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ತಿರುವಿದರು. ಮುಸುಕಿನ ಜೋಳದ ಹಿಟ್ಟಿನ ಉಗಾಲಿಯನ್ನು ದಿನಾ ತಿರುವುವ ಕೈ. ಒಂದು ಗಂಟೂ ಉಳಿಯಲಿಲ್ಲ. ತಿನ್ನುವಾಗ ಮಾತ್ರ ನಮ್ಮ ದಾರಿ ಬೇರೆಯಾಯಿತು. ಅವರು ತುತ್ತು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಒತ್ತಿ, ಅದರಲ್ಲಿ ಸಾರು ತುಂಬಿಕೊಂಡು ಅಗಿದು ತಿಂದರು. ನಾನು ನುಂಗಿದೆ. ಅಗಿಯದೆ ನುಂಗಿದರೆ ಹೊಟ್ಟೆನೋವು ಬರುತ್ತದೆ ಅಂತ ಅವರ ಚಿಕ್ಕ ಮಗ ನನಗೆ ಬುದ್ಧಿ ಹೇಳಿದ.

ಭಾರತದವಳಾಗಿ ಅಲ್ಲಿ ಇರುವುದು ಬಿಳಿಯರು ಇರುವುದಕ್ಕಿಂತ ಬೇರೆ ಲೆಕ್ಕ. ಇರಿಂಗಾ ಪೇಟೆಯಲ್ಲಿ ತಲೆಮಾರುಗಳಿಂದ ಭಾರತ ಮೂಲದವರ ಅಂಗಡಿಗಳಿವೆ. 1967ರಲ್ಲಿ ಆಗಿನ ಅಧ್ಯಕ್ಷ ಜೂಲಿಯಸ್ ನೈರೇರೆ ಅರುಷಾ ಘೋಷಣೆ ಮಾಡಿ ಸಮಾಜವಾದದ ದಾರಿ ಹಿಡಿದರು. 1971ರಲ್ಲಿ ಸರ್ಕಾರ ಬಾಡಿಗೆ ಕಟ್ಟಡಗಳನ್ನು ವಶಕ್ಕೆ ತೆಗೆದುಕೊಂಡಿತು. ಅದರಲ್ಲಿ ಬಹಳಷ್ಟು ಭಾರತೀಯರ ಕಟ್ಟಡಗಳು. ಎಷ್ಟೋ ಕುಟುಂಬಗಳು ಆಗ ದೇಶ ಬಿಟ್ಟವು. ಉಳಿದವರು ವ್ಯಾಪಾರ ಮುಂದುವರಿಸಿದರು. ಹಾಗಾಗಿ ಭಾರತದ ಹೆಂಗಸು ಅಂದರೆ ಅಂಗಡಿಯ ಗಲ್ಲಾದಲ್ಲಿ ಕೂತವರು ಅಂತಲೇ ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿದ್ದದ್ದು. ಅಂಥವರೊಬ್ಬರು ದಾಲಾದಾಲಾ ವ್ಯಾನಿನಲ್ಲಿ ಇಕ್ಕಟ್ಟಾಗಿ ಕೂತು ಬರುವುದು, ರಸ್ತೆ ಬದಿಯಲ್ಲಿ ಅನ್ನ-ಕಾಳು ತಿನ್ನುವುದು ಅವರಿಗೆ ಹೊಸದು. ನಿಮ್ಮ ಅಂಗಡಿ ಯಾವುದು ಮೇಡಂ ಅಂತ ಬೋಡಾಬೋಡಾ ಹುಡುಗರು ಕೇಳುತ್ತಿದ್ದರು. ಅವರು ಬಾಡಿಗೆಗೆ ಓಡಿಸುವ ಟಿವಿಎಸ್ ಬೈಕಿನ ಕಂಪನಿಗೆ ನಮ್ಮ ಮೈಸೂರಿನಲ್ಲೂ ಕಾರ್ಖಾನೆ ಇದೆ ಅಂದರೆ, ಹಾಗಾದರೆ ಬಿಡಿಭಾಗ ಕಡಿಮೆ ರೇಟಿಗೆ ತರಿಸಿಕೊಡಿ ಅನ್ನುತ್ತಿದ್ದರು. ನನ್ನ ಭತ್ಯೆ ಎಷ್ಟೇ ಇರಲಿ, ಬೇಕಾದಾಗ ವಿಮಾನ ಹತ್ತಿ ಹೋಗಬಲ್ಲವಳು ನಾನು. ಅವರು ಹಾಗಲ್ಲ. ಆ ವ್ಯತ್ಯಾಸ ಎಲ್ಲ ಮಾತಿನ ಹಿಂದೆಯೂ ಇರುತ್ತಿತ್ತು.

ಹೊರಡುವ ಮೊದಲು ಕೊಡುವ ತರಬೇತಿಯಲ್ಲಿ ಒಂದು ಮಾತು ಹೇಳುತ್ತಾರೆ. ಜನ ದುಡ್ಡು ಕೇಳುತ್ತಾರೆ, ಕೊಡಬೇಡಿ, ಕೊಟ್ಟರೆ ಸಂಬಂಧ ಕೆಡುತ್ತದೆ ಅಂತ. ಅದರಲ್ಲಿ ನಿಜ ಇದೆ. ಆದರೆ ಅರ್ಧ ನಿಜ. ಉಳಿದರ್ಧವನ್ನು ಯಾವ ತರಬೇತಿಯೂ ಹೇಳುವುದಿಲ್ಲ. ಅದು ಹೇಳಲೇಬೇಕಾದದ್ದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಬೆಳಗ್ಗೆ ಹತ್ತಕ್ಕೆ ಸ್ಟಾಫ್‌ರೂಮಿನಲ್ಲಿ ಚಹಾ, ಜೊತೆಗೆ ಎಣ್ಣೆಯಲ್ಲಿ ಕರಿದ ಮಂದಾಜಿ. ಆ ಹೊತ್ತಿಗೇ ಪಟ್ಟಿ ಬರುತ್ತಿತ್ತು. ಗೆರೆ ಹೊಡೆದ ನೋಟ್‌ಬುಕ್ ಹಾಳೆ. ಎಡಗಡೆ ಎಲ್ಲ ಟೀಚರ ಹೆಸರು, ಪಕ್ಕದಲ್ಲಿ ಕೊಡುತ್ತೇನೆ ಅಂತ ಒಪ್ಪಿಕೊಂಡ ಮೊತ್ತ, ಅದರ ಪಕ್ಕ ಕೊಟ್ಟ ಮೊತ್ತ, ಕೊನೆಗೆ ಸಹಿ. ಒಬ್ಬರ ತಂಗಿಯ ಮದುವೆ, ಇನ್ನೊಬ್ಬರ ಮಾವನ ಸಾವು, ಮತ್ತೊಬ್ಬರ ಹೆಂಡತಿಗೆ ಆಪರೇಷನ್. ಮೊದಮೊದಲು ಆ ಹಾಳೆ ನನ್ನ ಮೇಜನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ನಾನು ಅತಿಥಿ, ಅತಿಥಿಯನ್ನು ಕೇಳುವುದಿಲ್ಲ. ಸಾವಿನ ಮನೆಗೆ ಹೋದಾಗಲೂ ಹಾಗೇ. ಹೆಂಗಸರೆಲ್ಲ ಸೊಂಟಕ್ಕೆ ಕಾಂಗಾ ಸುತ್ತಿಕೊಂಡು ಚಾಪೆ ಮೇಲೆ ಕೂತಿದ್ದರೆ ನನಗೊಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕುತ್ತಿದ್ದರು. ಎಲ್ಲರೂ ಈರುಳ್ಳಿ ಹೆಚ್ಚುತ್ತಿದ್ದರೆ ನನ್ನ ಕೈಯಲ್ಲಿ ಸೋಡಾ ಬಾಟಲಿ. ಅಷ್ಟು ಒಳ್ಳೆಯ ಜನರ ನಡುವೆ ನಾನು ಒಂಟಿಯಾಗಿದ್ದದ್ದು ಆ ಕುರ್ಚಿಯ ಮೇಲೆ.

ಇತಿಹಾಸದ ಮೇಷ್ಟ್ರ ಮದುವೆ ಗೊತ್ತಾದಾಗ ಹಾಳೆ ನನ್ನ ಮೇಜಿಗೂ ಬಂತು. ಎಲ್ಲರ ಹೆಸರಿನ ಕೆಳಗೆ, ಬೇರೆ ಇಂಕಿನಲ್ಲಿ, ನನ್ನ ಹೆಸರು ಸೇರಿಸಿದ್ದರು. ಸ್ಪೆಲ್ಲಿಂಗ್ ತಪ್ಪಿತ್ತು. ನನಗೆ ಆದ ಸಂತೋಷ ಹೇಳತೀರದು.

ಅಲ್ಲಿನ ಮದುವೆಗೆ ಒಂದು ಕಮಿಟಿ ಇರುತ್ತದೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ. ತಿಂಗಳುಗಟ್ಟಲೆ ವಾರಕ್ಕೊಮ್ಮೆ ಸಭೆ. ಹಾಲ್ ಎಷ್ಟು, ಅಡುಗೆ ಎಷ್ಟು, ವಿಡಿಯೋದವರಿಗೆ ಎಷ್ಟು ಅಂತ ಬಜೆಟ್ ಹಾಕುತ್ತಾರೆ. ಆಮೇಲೆ ಕಾರ್ಡ್ ಹಂಚುತ್ತಾರೆ. ಅದು ಆಮಂತ್ರಣವಲ್ಲ, ಪಾಲು ಕೇಳುವ ಕಾರ್ಡ್. ನೀವು ಒಪ್ಪಿಕೊಂಡ ದುಡ್ಡು ಕಟ್ಟಿದ ಮೇಲೆ ಒಳಗೆ ಹೋಗುವ ಕಾರ್ಡ್ ಸಿಗುತ್ತದೆ, ಸಿಂಗಲ್ ಅಂದರೆ ಒಬ್ಬರಿಗೆ, ಡಬಲ್ ಅಂದರೆ ಇಬ್ಬರಿಗೆ. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಮರುವರ್ಷವೇ ತಾಂಜಾನಿಯಾಗೆ ಬಂತು. ಈಗ ಪಾಲೆಲ್ಲ ಮೊಬೈಲಿನಲ್ಲೇ ಹೋಗುತ್ತದೆ. ಯಾರು ಕಟ್ಟಿದರು, ಯಾರದ್ದು ಬಾಕಿ ಅನ್ನುವುದು ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಮುಂದೆ ಬರುತ್ತದೆ.

ಹಳೆ ಮೈಸೂರಿನ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ನಮ್ಮಲ್ಲೂ ಛತ್ರದ ಬಾಗಿಲಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಮುಯ್ಯಿ ಬರೆಸಿಕೊಳ್ಳುತ್ತಾರಲ್ಲ, ಅದೇ. ನಮ್ಮಜ್ಜಿಯ ಟ್ರಂಕಿನಲ್ಲಿ ಅಂಥ ಪುಸ್ತಕಗಳಿದ್ದವು. ಯಾರ ಮನೆಯಲ್ಲಿ ಮದುವೆ ಎದ್ದರೂ ಅಜ್ಜಿ ಅದನ್ನು ತೆಗೆಸಿ, ಅವರು ನಮಗೆ ಎಷ್ಟು ಹಾಕಿದ್ದರು ಅಂತ ಓದಿಸಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಹಾಕಿ ಬರುತ್ತಿದ್ದರು. ಸರಿಸಮ ಹಾಕಿದರೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ, ಆಮೇಲೆ ಅವರಿಗೂ ನಮಗೂ ಏನು ಉಳಿಯಿತು ಅನ್ನುವುದು ಅಜ್ಜಿಯ ವಾದ. ಇರಿಂಗಾದಲ್ಲಿ ಪಾಲು ಒಪ್ಪಿಕೊಳ್ಳುವಾಗಲೆಲ್ಲ ನನಗೆ ಆ ವಾದವೇ ದಾರಿ ತೋರಿಸಿದ್ದು.

ಮೇಷ್ಟ್ರ ಹೆಂಡತಿಯಾಗುವವರಿಗೆ ಹೆಂಗಸರು ಮಾಡಿದ ಕಿಚನ್ ಪಾರ್ಟಿಗೂ ನನ್ನನ್ನು ಸೇರಿಸಿಕೊಂಡರು. ಎಲ್ಲರೂ ಒಂದೇ ಕಿಟೆಂಗೆ ಬಟ್ಟೆ ತೆಗೆದುಕೊಂಡು ಹೊಲಿಸಬೇಕು. ಹಸಿರು ಬಣ್ಣ, ಮೇಲೆ ಹಳದಿ ಬೀಸಣಿಗೆಗಳು. ಟೈಲರ್ ಅಂಗಡಿಯಲ್ಲಿ ಸಾಲಾಗಿ ನಿಂತು ಅಳತೆ ಕೊಟ್ಟೆವು. ಪಾರ್ಟಿಯ ದಿನ ಪಾತ್ರೆ, ಬಕೆಟ್ಟು, ಥರ್ಮಾಸ್, ಉಗಾಲಿ ತಿರುವುವ ದೊಡ್ಡ 'ಮ್ವಿಕೊ' ಕೋಲು ಎಲ್ಲವನ್ನೂ ತಲೆಯ ಮೇಲೆ, ಕೈಯಲ್ಲಿ ಹಿಡಿದು ಕುಣಿಯುತ್ತಾ ಸಾಲಾಗಿ ಹೋಗಿ ಮದುಮಗಳ ಮುಂದೆ ಇಡಬೇಕು. ಸುಮ್ನೆ ನಡೆದುಕೊಂಡು ಹೋಗಿ ಇಡುವ ಹಾಗಿಲ್ಲ. ನನ್ನ ಪಾಲಿಗೆ ಬಂದದ್ದು ಅಲ್ಯೂಮಿನಿಯಂ ಸೂಫುರಿಯಾಗಳ ಸೆಟ್ಟು, ಒಂದರೊಳಗೊಂದು ಕೂರುವ ಹಿಡಿಯಿಲ್ಲದ ಪಾತ್ರೆಗಳು. ಹೆಜ್ಜೆಗೊಮ್ಮೆ ಅವು ಝಣಝಣ ಅನ್ನುತ್ತಿದ್ದವು. ಅವತ್ತು ಅಡುಗೆಯವರ ನಡುವೆ ಕೂತಾಗ ಯಾರೋ ನನ್ನ ಕೈಗೆ ಚಾಕು ಕೊಟ್ಟು ಕ್ಯಾರೆಟ್ ಬುಟ್ಟಿ ಮುಂದೆ ತಳ್ಳಿದರು. ಆಮೇಲೆ ಯಾವ ಮನೆಯಲ್ಲೂ ನನಗೆ ಕುರ್ಚಿ ಬರಲಿಲ್ಲ.

ಎಲ್ಲ ದುಡ್ಡೂ ಸ್ನೇಹ ಬೆಳೆಸಿತು ಅಂತ ಹೇಳುತ್ತಿಲ್ಲ. ಒಬ್ಬ ಗೆಳೆಯರು ಗುಟ್ಟಾಗಿ ಬಂದು ಸಾಲ ಕೇಳಿದರು, ಕೊಟ್ಟೆ. ಹೇಳಿದ ತಿಂಗಳಿಗೆ ಕೊಡಲು ಅವರಿಗೆ ಆಗಲಿಲ್ಲ. ನಾನು ಕೇಳಲಿಲ್ಲ. ಆದರೂ ಅವರು ನಮ್ಮ ಮನೆಯ ಮುಂದೆ ಹಾಯುವುದನ್ನೇ ಬಿಟ್ಟರು. ಬಹಳ ಒಳ್ಳೆಯ ಮಾತುಗಾರ, ಅವರ ಜೊತೆಗಿನ ಸಂಜೆಗಳು ಹೋದವಲ್ಲ ಅಂತ ನನಗೆ ಈಗಲೂ ಬೇಸರ. ಸಾಲ ಇಬ್ಬರ ನಡುವೆ ಮುಚ್ಚಿಟ್ಟದ್ದು, ಪಟ್ಟಿ ಎಲ್ಲರಿಗೂ ಕಾಣುವಂಥದ್ದು. ಪಟ್ಟಿಯಲ್ಲಿ ಇವತ್ತು ಕೊಟ್ಟವರು ನಾಳೆ ತೆಗೆದುಕೊಳ್ಳುವವರು. ಕೈ ಮೇಲೆ, ಕೈ ಕೆಳಗೆ ಅನ್ನುವುದು ಅಲ್ಲಿ ತಿರುಗುತ್ತಾ ಇರುತ್ತದೆ. ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಗುಟ್ಟಾಗಿ ಕೇಳುವವರ ಬಗ್ಗೆ ತರಬೇತಿಯ ಮಾತು ನೆನಪಿಟ್ಟುಕೊಳ್ಳಿ. ಪಟ್ಟಿ ಬಂದರೆ ಎಲ್ಲರೂ ಹಾಕುವಷ್ಟೇ ಹಾಕಿ, ತೀರಾ ಜಾಸ್ತಿ ಹಾಕಬೇಡಿ. ಜಾಸ್ತಿ ಹಾಕಿದರೆ ಅದು ಮತ್ತೆ ದಾನವಾಗುತ್ತದೆ.

ಹೆಂಗಸರ ಚೀಟಿಗೂ ನನ್ನನ್ನು ಸೇರಿಸಿಕೊಂಡರು. ತಿಂಗಳಿಗೆ ಎಲ್ಲರೂ ಅಷ್ಟಷ್ಟು ಹಾಕಿ ಒಬ್ಬರಿಗೆ ಕೊಡುವುದು. ಮೊದಲ ಸುತ್ತಿನಲ್ಲಿ ನನ್ನ ಸರದಿ ಕಟ್ಟಕಡೆಗೆ. ಸರಿಯಾದ ಲೆಕ್ಕವೇ. ನಡುವೆ ಹೊರಟುಹೋಗಬಹುದಾದವಳಿಗೆ ಮೊದಲೇ ಕೊಟ್ಟರೆ ಉಳಿದವರ ಗತಿ ಏನು? ಎರಡನೇ ಸುತ್ತು ಶುರುವಾದಾಗ ಸರದಿ ಹೇಳುವವರು ಬಯಾಲಜಿ ಟೀಚರು. ಮೊದಲ ಹೆಸರು ನನ್ನದು ಓದಿದರು. ಯಾರೂ ಏನೂ ಅನ್ನಲಿಲ್ಲ, ಚಹಾ ಕುಡಿಯುತ್ತಾ ಮುಂದಿನ ಹೆಸರಿಗೆ ಹೋದರು. ಅಷ್ಟು ಹೆಂಗಸರ ಒಂದು ತಿಂಗಳ ಉಳಿತಾಯ ನನ್ನ ಬ್ಯಾಗಿನಲ್ಲಿತ್ತು, ನನ್ನ ಪಾಸ್‌ಪೋರ್ಟೂ ಅದೇ ಬ್ಯಾಗಿನಲ್ಲಿತ್ತು.

ಆ ಸುತ್ತು ಇನ್ನೂ ನಡೆಯುತ್ತಿದ್ದಾಗಲೇ ಊರಿನಲ್ಲಿ ಅಜ್ಜಿ ತೀರಿಕೊಂಡರು. ಫೋನ್ ಬಂದದ್ದು ಬೆಳಗ್ಗೆ. ನಾನು ಹೊರಟು ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಬರಬೇಡ ಅಂತ ಅಪ್ಪನೇ ಹೇಳಿದರು. ನಾನು ಬಯಾಲಜಿ ಟೀಚರಿಗೆ ಮಾತ್ರ ತಿಳಿಸಿ ಕ್ಲಾಸಿಗೆ ಹೋದೆ. ಎರಡನೇ ಪೀರಿಯಡ್‌ಗೆ ಅವರು ಬಂದು ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ನನ್ನ ಮನೆಯ ಕುರ್ಚಿಗಳೆಲ್ಲ ಅಂಗಳಕ್ಕೆ ಬಂದಿದ್ದವು, ಗಂಡಸರು ಅಲ್ಲಿ ಕೂತಿದ್ದರು. ಒಳಗೆ ಚಾಪೆ ಹಾಸಿತ್ತು. ಹೆಂಗಸರು ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಯಾರೂ ಜಾಸ್ತಿ ಮಾತಾಡಲಿಲ್ಲ. ಅಜ್ಜಿಯ ಹೆಸರೇನು, ಎಷ್ಟು ವಯಸ್ಸು, ಎಷ್ಟು ಮೊಮ್ಮಕ್ಕಳು ಅಂತ ಕೇಳಿದರು. ಹಿತ್ತಲಲ್ಲಿ ಯಾರೋ ನನ್ನದೇ ಒಲೆ ಹೊತ್ತಿಸಿ ನನ್ನದೇ ಪಾತ್ರೆಯಲ್ಲಿ ಚಹಾ ಕಾಯಿಸಿದರು. ಆ ರಾತ್ರಿ ಮೂವರು ನಮ್ಮ ಮನೆಯಲ್ಲೇ ಮಲಗಿದರು.

ಮೂರನೇ ದಿನ ಇತಿಹಾಸದ ಮೇಷ್ಟ್ರು ಎಲ್ಲರ ಪರವಾಗಿ ಎದ್ದು ನಿಂತು ನಾಲ್ಕು ಮಾತಾಡಿ ಒಂದು ಕವರು ಕೊಟ್ಟರು. ಒಳಗೆ ದುಡ್ಡು, ದುಡ್ಡಿನ ಜೊತೆ ಪಟ್ಟಿ. ಮೇಲ್ಗಡೆ ನಮ್ಮಜ್ಜಿಯ ಹೆಸರು. ಕೆಳಗೆ ಎಲ್ಲ ಟೀಚರ ಹೆಸರು, ಎರಡು ಸಾವಿರ ಶಿಲ್ಲಿಂಗ್, ಐದು ಸಾವಿರ ಶಿಲ್ಲಿಂಗ್. ಕಾವಲುಗಾರರದ್ದು ಒಂದು ಸಾವಿರ. ಬೇಡ ಅನ್ನಲು ನನ್ನ ಬಾಯಿ ಬರಲಿಲ್ಲ, ಅನ್ನಬಾರದು ಅಂತ ಅಷ್ಟು ಹೊತ್ತಿಗೆ ಗೊತ್ತಿತ್ತು. ಮುಯ್ಯಿ ಬರೆಸುತ್ತಾ ಬದುಕಿದ ಹೆಂಗಸಿನ ಹೆಸರು ಅವರು ಕಂಡಿರದ ದೇಶದ ಪಟ್ಟಿಯಲ್ಲಿ ಬಂದಿತ್ತು. ಆ ಹಾಳೆಯ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಇದನ್ನು ಭದ್ರವಾಗಿಟ್ಟುಕೋ, ಒಬ್ಬರದ್ದೂ ಬಾಕಿ ಉಳಿಸಬೇಡ ಅಂದರು ಅಪ್ಪ.

ಹೊರಗಿನವರು ಬರುವುದು, ಹೋಗುವುದು ಇರಿಂಗಾಗೆ ಹೊಸದಲ್ಲ. ವಾಲಂಟಿಯರುಗಳನ್ನು ಕಳಿಸುವ ಅಮೆರಿಕದ ಪೀಸ್ ಕೋರ್ 1961ರಲ್ಲಿ ಶುರುವಾದಾಗ ಅದರ ಮೊದಲ ತಂಡಗಳಲ್ಲಿ ಒಂದು ಬಂದದ್ದು ಈ ದೇಶಕ್ಕೇ. ಅದಕ್ಕೂ ಮೊದಲು ಮಿಷನರಿಗಳು, ಬ್ರಿಟಿಷರು, ಜರ್ಮನ್ನರು. ಇತಿಹಾಸದ ಮೇಷ್ಟ್ರು ಒಂದು ಭಾನುವಾರ ನನ್ನನ್ನು ಹತ್ತಿರದ ಕಲೆಂಗಾಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ಸಣ್ಣ ಮ್ಯೂಸಿಯಮ್ಮಿನಲ್ಲಿ ಹೆಹೆ ಜನರ ಅರಸ ಮ್ಕ್ವಾವಾ ಅವರ ತಲೆಬುರುಡೆ ಇದೆ. ಜರ್ಮನ್ ಸೈನ್ಯದ ಜೊತೆ ವರ್ಷಗಟ್ಟಲೆ ಹೋರಾಡಿ, 1898ರಲ್ಲಿ ಸೆರೆ ಸಿಗುವ ಬದಲು ತಾವೇ ಗುಂಡು ಹಾರಿಸಿಕೊಂಡವರು ಅವರು. ಜರ್ಮನ್ನರು ಒಯ್ದಿದ್ದ ಬುರುಡೆಯನ್ನು ವಾಪಸ್ ಕೊಡಬೇಕು ಅಂತ 1919ರ ವರ್ಸೈ ಒಪ್ಪಂದದಲ್ಲೇ ಬರೆದಿತ್ತು. ಬಂದದ್ದು 1954ರಲ್ಲಿ. ಬರೆದ ಮೇಲೆ ಕೊಡಲೇಬೇಕು, ಎಷ್ಟು ತಡವಾದರೂ ಅಂದರು ಮೇಷ್ಟ್ರು. ಬರುವವರು ಹೋಗುತ್ತಾರೆ ಅಂತ ಇಷ್ಟು ಚೆನ್ನಾಗಿ ಗೊತ್ತಿರುವ ಜನ ನನ್ನ ಹೆಸರನ್ನು ಪಟ್ಟಿಗೆ ಸೇರಿಸಿದರು. ಅವರು ತಿಳಿಯದೆ ಮಾಡಿದ್ದಲ್ಲ.

ನಾನೂ ಹೊರಟೆ. ಚೀಟಿಯ ಕಂತು ಕಟ್ಟಿ ಮುಗಿಸಿಯೇ ಹೊರಟೆ. ಈಗ ಬೆಂಗಳೂರಿನಲ್ಲಿದ್ದೇನೆ. ಸ್ಟಾಫ್‌ರೂಮಿನ ಗ್ರೂಪಿನಿಂದ ಯಾರೂ ನನ್ನನ್ನು ತೆಗೆದಿಲ್ಲ. ಒಂದೊಂದು ಪಟ್ಟಿಗೂ ಬ್ಯಾಂಕಿನಿಂದ ಕಳಿಸಿದರೆ ಫೀಸೇ ಜಾಸ್ತಿಯಾಗುತ್ತದೆ. ಅದಕ್ಕೆ ನಾಲ್ಕಾರು ಪಟ್ಟಿಗಳದ್ದು ಕೂಡಿಸಿ ಬಯಾಲಜಿ ಟೀಚರಿಗೆ ಕಳಿಸುತ್ತೇನೆ, ಅವರು ಎಂ-ಪೆಸಾದಲ್ಲಿ ಹಂಚುತ್ತಾರೆ. ಅಜ್ಜಿಯ ಹಾಳೆಯಲ್ಲಿದ್ದ ಹೆಸರುಗಳಲ್ಲಿ ಹೆಚ್ಚಿನವರ ಮನೆಗೆ ಈಗಾಗಲೇ ನನ್ನ ಪಾಲು ಹೋಗಿದೆ, ಸ್ವಲ್ಪ ಸೇರಿಸಿಯೇ ಹೋಗಿದೆ. ಕಾವಲುಗಾರರ ಮಗಳ ಮದುವೆ ಡಿಸೆಂಬರಿನಲ್ಲಿ. ಡಬಲ್ ಅಂತ ಬರೆಸಿದ್ದೇನೆ. ನಿನ್ನೆ ಖಜಾಂಚಿ ಗ್ರೂಪಿನಲ್ಲಿ ಲೆಕ್ಕ ಹಾಕಿದ್ದಾರೆ. ನನ್ನ ಹೆಸರಿನ ಮುಂದೆ ಅರ್ಧ ಬಾಕಿ ಅಂತ ಇದೆ, ಶುಕ್ರವಾರದೊಳಗೆ ಕಟ್ಟಬೇಕಂತೆ.